ಉತ್ತರದ ಗೋಡೆಯ ಬಿಸಿಲು

ಕಂಪ್ಯೂಟರಿನಲ್ಲಿ ಊರು ಕಟ್ಟಿ ಅದರ ಚಿತ್ರ ತೆಗೆಯುವ ಕಲೆ ನನಗೆ ಬಲು ಇಷ್ಟ. ಬ್ಲೆಂಡರ್, ಸ್ಕೆಚ್‌ಅಪ್‌ನಂಥ ಮಾಡೆಲಿಂಗ್ ತಂತ್ರಾಂಶದಲ್ಲಿ ಮನೆ, ಅಂಗಡಿ, ಬೀದಿಗಳನ್ನು ಎಬ್ಬಿಸಿ, ಬಿಸಿಲು ಬಿಟ್ಟು, ಕ್ಯಾಮೆರಾ ಹೂಡಿ, ಒಂದೇ ಊರಿನ ಹತ್ತಾರು ನೋಟಗಳನ್ನು ಮಾಲಿಕೆಯಾಗಿ ಮಾಡುವ ಕೆಲಸ ಇದು. ಚಿತ್ರ ಬರೆಯಲು ಬಾರದವರ ಅಡ್ಡದಾರಿ ಎಂದು ಇದನ್ನು ತಳ್ಳಿಹಾಕುವವರಿದ್ದಾರೆ. ಊರನ್ನು ಬಿಡದೆ ನೋಡುವಂತೆ ಮಾಡುವುದರಲ್ಲಿ ಇದು ಯಾವ ಚಿತ್ರಕಲೆಗೂ ಕಡಿಮೆಯಲ್ಲ ಎಂಬುದು ನನ್ನ ವಾದ. ಪೆನ್ಸಿಲು ಹಿಡಿದವರು ಗೊತ್ತಿಲ್ಲದ್ದನ್ನು ಒಂದು ಗೀಟಿನಲ್ಲಿ ದಾಟಿಸಿಬಿಡಬಹುದು. ಮಾಡೆಲಿನಲ್ಲಿ ಆ ಸವಲತ್ತಿಲ್ಲ. ಕಿಟಕಿಯ ಮೇಲಿನ ಸಜ್ಜಾ ಗೋಡೆಯಿಂದ ಎಷ್ಟು ಮುಂದೆ ಚಾಚಿದೆ, ಎಷ್ಟು ದಪ್ಪ, ಚೌಕಟ್ಟು ಗೋಡೆಯ ಹೊರಮೈಗೆ ಕೂತಿದೆಯೋ ಒಳಗೆ ಸರಿದಿದೆಯೋ, ಎಲ್ಲಕ್ಕೂ ಅಳತೆ ಕೊಡಬೇಕು. ದಿನವೂ ಹಾದುಹೋಗುವ ಬೀದಿಯ ಸಜ್ಜಾದ ದಪ್ಪ ಎಷ್ಟೆಂದು ಕೇಳಿದರೆ ನಮ್ಮಲ್ಲಿ ಎಷ್ಟು ಮಂದಿ ಹೇಳಬಲ್ಲೆವು?

ಮಾಡೆಲು ಊರನ್ನು ಬಿಡದೆ ನೋಡಿಸುತ್ತದೆ ಎಂಬುದಕ್ಕೆ ಅತ್ಯುತ್ತಮ ಸಾಕ್ಷಿ ಬಿಸಿಲು. ಬ್ಲೆಂಡರಿನಲ್ಲಿ ಊರಿನ ಅಕ್ಷಾಂಶ, ರೇಖಾಂಶ, ದಿನಾಂಕ, ಗಂಟೆ ಕೊಟ್ಟರೆ ಸೂರ್ಯನನ್ನು ಅಲ್ಲಿಗೇ ತಂದು ನಿಲ್ಲಿಸುವ ಸೌಲಭ್ಯವಿದೆ. ಬೆಂಗಳೂರು ಇರುವುದು ಸುಮಾರು 13 ಡಿಗ್ರಿ ಉತ್ತರದಲ್ಲಿ. ಡಿಸೆಂಬರ್ 21ರ ನಡುಹಗಲು ಲಂಡನ್ನಿನಲ್ಲಿ ಸೂರ್ಯ ದಿಗಂತದಿಂದ 15 ಡಿಗ್ರಿಯಷ್ಟೇ ಮೇಲಿರುತ್ತಾನೆ. 10 ಮೀಟರ್ ಎತ್ತರದ ಮನೆ 37 ಮೀಟರ್ ನೆರಳು ಚೆಲ್ಲುತ್ತದೆ. ಅದೇ ದಿನ, ಅದೇ ಎತ್ತರದ ಬೆಂಗಳೂರಿನ ಮನೆಯ ನೆರಳು ಏಳೂವರೆ ಮೀಟರನ್ನೂ ದಾಟುವುದಿಲ್ಲ. ಯುರೋಪು, ಅಮೆರಿಕದ ಪಾಠಗಳನ್ನು ನೋಡಿ ಕಲಿತವರು ನಮ್ಮ ಬೀದಿಗಳಿಗೂ ನಡುಹಗಲಲ್ಲೇ ಉದ್ದುದ್ದ ನೆರಳು ಹಾಸುತ್ತಾರೆ. ಚಿತ್ರ ಚೆಂದವಿದ್ದರೂ ಊರು ನಮ್ಮದೆನಿಸುವುದಿಲ್ಲ. ಏಪ್ರಿಲ್ 24ರ ಆಸುಪಾಸು ಹನ್ನೆರಡು ಇಪ್ಪತ್ತರ ಸುಮಾರಿಗೆ ಬೆಂಗಳೂರಿನ ಸೂರ್ಯ ನೆತ್ತಿಗೆ ಬರುತ್ತಾನೆ. ಆಗ ಎರಡಡಿ ಸಜ್ಜಾದ ನೆರಳು ಗೋಡೆಯುದ್ದಕ್ಕೂ ಇಳಿದುಬಿಡುತ್ತದೆ, ನೆಲ ಮಾತ್ರ ಬೆಳ್ಳಗೆ ಕುದಿಯುತ್ತದೆ. ಅಲ್ಲಿಂದ ಆಗಸ್ಟ್ ಮಧ್ಯದವರೆಗೆ ನಡುಹಗಲ ಬಿಸಿಲು ಬರುವುದು ಉತ್ತರದ ಕಡೆಯಿಂದ. ಚಳಿಗಾಲವಿಡೀ ಬಿಸಿಲು ಕಾಣದ ಉತ್ತರದ ಗೋಡೆ ಜೂನಿನಲ್ಲಿ ಮೋಡ ಸರಿದಾಗಲೆಲ್ಲ ಬೆಳಗುತ್ತದೆ, ಅದರ ಮೇಲಿನ ಪಾಚಿಯ ಕಲೆ ಎದ್ದು ಕಾಣುತ್ತದೆ. ನಗರದ ಚಿತ್ರ ಬರೆಯುವವರಿಗೆ ಈ ಒಂದು ಸಂಗತಿ ಸಾಕು, ಒಂದೇ ಬೀದಿಯಿಂದ ವರ್ಷದ ಮಾಲಿಕೆ ಹೊರಡಿಸಲು.

ತಂತ್ರಾಂಶದ ಗೆರೆಗಳು ನಿರ್ಜೀವ, ಎಲ್ಲ ಕಟ್ಟಡವೂ ಒಂದೇ ಅಚ್ಚು ಎಂಬ ದೂರಿನಲ್ಲಿ ಹುರುಳಿದೆ. ಮಾಡೆಲಿನಲ್ಲಿ ಹುಟ್ಟುವ ಘನದ ಅಂಚು ಅಲಗಿನಂತೆ ಚೂಪು, ಗಾರೆ ಮಾಡಿದ ಗೋಡೆಯ ಅಂಚು ಹಾಗಿರುವುದಿಲ್ಲ. ಬೆವೆಲ್ ಎಂಬ ಸಾಧನ ಬಳಸಿ ಅಂಚನ್ನು ಅರ್ಧ ಸೆಂಟಿಮೀಟರ್ ಸವರಿದರೆ ಅಲ್ಲಿ ಬೆಳಕಿನ ಸಣ್ಣ ಎಳೆಯೊಂದು ಮೂಡುತ್ತದೆ, ಗೋಡೆಗೆ ತೂಕ ಬರುತ್ತದೆ. ಈ ಎಳೆಯನ್ನು ನೋಡುವ ಖುಷಿಗೇ ನಾನು ಈ ಕಲೆಯನ್ನು ಮೆಚ್ಚಬಲ್ಲೆ. ಇನ್ನು ಒಂದು ಮನೆ ಮಾಡಿ ನೂರು ಸಲ ನಕಲಿಸುವ ವಿಚಾರ. ನಮ್ಮ ಬಡಾವಣೆಗಳು ಹುಟ್ಟಿದ್ದೂ ಹೀಗೇ: ಸಾಲಾಗಿ 30×40 ಸೈಟುಗಳು, ಒಂದೇ ಅಗಲದ ಅಡ್ಡರಸ್ತೆಗಳು. ವ್ಯತ್ಯಾಸ ತಂದವರು ಅಲ್ಲಿ ಬಾಳಿದವರು. ಒಬ್ಬರು ಮುಂದಿನ ಮಹಡಿಯ ಆಸೆಗೆ ಪಿಲ್ಲರಿನ ಕಂಬಿಗಳನ್ನು ತಾರಸಿಯ ಮೇಲೆ ಹಾಗೇ ಬಿಟ್ಟರು, ಇನ್ನೊಬ್ಬರು ಬಾಲ್ಕನಿಗೆ ಗ್ರಿಲ್ ಹಾಕಿ ಕೋಣೆ ಮಾಡಿಕೊಂಡರು, ಮೂಲೆಮನೆಯವರು ಶಟರ್ ಇಳಿಬಿಟ್ಟು ಅಂಗಡಿ ತೆರೆದರು. ಹಾಗಾಗಿ ನಕಲಿನಿಂದ ಶುರುಮಾಡುವುದು ತಪ್ಪಲ್ಲ, ನಕಲಿಗೇ ನಿಲ್ಲಿಸುವುದು ತಪ್ಪು. ಕರಿಯ ನೀರಿನ ಟ್ಯಾಂಕು, ತುಕ್ಕು ಹಿಡಿದ ಕಂಬಿ, ಕಂಬದಿಂದ ಕಂಬಕ್ಕೆ ಜೋತುಬಿದ್ದ ಕೇಬಲ್ಲು ಇವಕ್ಕೆ ಸಮಯ ಕೊಟ್ಟವರ ಚಿತ್ರದಲ್ಲಿ ಊರಿಗೆ ಉಸಿರು ಬರುತ್ತದೆ.

ಪರ್ಸ್ಪೆಕ್ಟಿವ್ ಲೆಕ್ಕವನ್ನೆಲ್ಲ ಯಂತ್ರವೇ ಮಾಡುತ್ತದಲ್ಲ, ಕಲಾವಿದರ ಪಾಲಿಗೆ ಉಳಿದದ್ದೇನು ಎಂದು ಕೇಳಬಹುದು. ಉಳಿದದ್ದು ಎಲ್ಲಿ ನಿಂತು ನೋಡಬೇಕೆಂಬ ತೀರ್ಮಾನ, ಅದು ಸಣ್ಣದಲ್ಲ. 1500ರಲ್ಲಿ ಯಾಕೊಪೊ ದೆ ಬಾರ್ಬರಿ ಆರು ಮರದಚ್ಚುಗಳಲ್ಲಿ ಇಡೀ ವೆನಿಸ್ಸನ್ನು ಹಕ್ಕಿನೋಟದಲ್ಲಿ ತೋರಿಸಿದ. ಆ ಎತ್ತರದಿಂದ ಆಗ ಯಾರೂ ವೆನಿಸ್ಸನ್ನು ನೋಡಿರಲು ಸಾಧ್ಯವಿರಲಿಲ್ಲ. ನಗರವನ್ನು ಮೊದಲು ತಲೆಯಲ್ಲಿ ಕಟ್ಟಿಕೊಂಡು, ಆಮೇಲೆ ಕಣ್ಣನ್ನು ಆಕಾಶದಲ್ಲಿಟ್ಟ ಕೆಲಸ ಅದು. ಜಪಾನಿನ ಹಿರೊಶಿಗೆ 1856ರಲ್ಲಿ ಶುರುಮಾಡಿದ ಎದೊ ನಗರದ ನೂರು ನೋಟಗಳ ಮಾಲಿಕೆಯಲ್ಲಿ ಎಷ್ಟೋ ಕಡೆ ಮರದ ಕೊಂಬೆಯೋ ಹಾರುವ ಹದ್ದೋ ಕಣ್ಣಿಗೆ ಒತ್ತಿಕೊಂಡಂತೆ ಮುಂದಿರುತ್ತದೆ, ಊರು ಅದರ ಹಿಂದೆ. ಕಟ್ಟಿದ ಬೀದಿಯಲ್ಲಿ ಕ್ಯಾಮೆರಾವನ್ನು ಟ್ರಾನ್ಸ್‌ಫಾರ್ಮರಿನ ಹಿಂದೆ ಇಟ್ಟು ನೋಡಿದರೆ, ಅಲ್ಲಿಂದ ಮಹಡಿಮೆಟ್ಟಿಲಿನ ಕೆಳಕ್ಕೆ ತಂದರೆ ಹಿರೊಶಿಗೆಯ ಜಾಣ್ಮೆ ಎಂಥದೆಂದು ಅರ್ಥವಾಗುತ್ತದೆ.

ನಾಲ್ಕು ಪದ ಟೈಪು ಮಾಡಿದರೆ ಎಐ ಕ್ಷಣದಲ್ಲಿ ನಗರದ ಚಿತ್ರ ಕೊಡುವ ಕಾಲದಲ್ಲಿ ಈ ಪಾಡೇಕೆ ಎಂಬುದು ಈಗಿನ ಪ್ರಶ್ನೆ. ಅಂಥ ಚಿತ್ರಕ್ಕೆ ಹಿತ್ತಿಲಿಲ್ಲ. ಮುಂದಿನ ಚಿತ್ರದಲ್ಲಿ ಅದೇ ಕಿಟಕಿ ಅದೇ ಜಾಗದಲ್ಲಿರುವ ಖಾತ್ರಿಯೂ ಇಲ್ಲ. ಮಾಡೆಲಿನಲ್ಲಿ ತಿರುವಿನಾಚೆಗೂ ಬೀದಿ ಇರುತ್ತದೆ. ನಿನ್ನೆ ಹಿನ್ನೆಲೆಯಲ್ಲಿದ್ದ ಮನೆ ಇಂದು ಮುನ್ನೆಲೆಗೆ ಬರಬಹುದು. ಮಾಲಿಕೆ ಎಂಬ ಮಾತಿಗೆ ಬಲ ಬರುವುದು ಅದರಿಂದ. ಆದರೆ ಜನರನ್ನು ತೋರಿಸುವಲ್ಲಿ ಈ ಕಲೆ ಸೋಲುತ್ತದೆಂದು ಒಪ್ಪಲೇಬೇಕು. ಸಿದ್ಧ ಗೊಂಬೆಗಳನ್ನು ತಂದು ಬೀದಿಯಲ್ಲಿ ನಿಲ್ಲಿಸಿದರೆ ಎಷ್ಟೇ ಒಳ್ಳೆಯ ಚಿತ್ರವೂ ಕೆಡುತ್ತದೆ. ಸಂತೆಯ ಗದ್ದಲಕ್ಕೆ ಪೆನ್ನು, ಸ್ಕೆಚ್‌ಪುಸ್ತಕವೇ ಸರಿ. ಮಾಡೆಲಿನಲ್ಲಿ ಬಾಗಿಲ ಮುಂದಿನ ರಂಗೋಲಿ, ತಾರಸಿಯಲ್ಲಿ ಒಣಹಾಕಿದ ಬಟ್ಟೆ, ಗೇಟಿಗೆ ಒರಗಿಸಿದ ಸೈಕಲ್ಲು ಇಟ್ಟರೆ ಮನೆಯವರು ಒಳಗಿದ್ದಾರೆಂದು ನೋಡುವವರಿಗೆ ತಿಳಿಯುತ್ತದೆ.

ಬ್ಲೆಂಡರಿಗೆ ಕಾಸು ಕೊಡಬೇಕಿಲ್ಲ. 2002ರಲ್ಲಿ ಅದರ ಬಳಕೆದಾರರೇ ಚಂದಾ ಎತ್ತಿ, ಒಂದು ಲಕ್ಷ ಯೂರೋ ಕೂಡಿಸಿ ಅದನ್ನು ಮುಕ್ತ ತಂತ್ರಾಂಶವಾಗಿಸಿದರು. ಚಿತ್ರದ ಹಂಬಲವಿರುವವರು ದೊಡ್ಡ ನಗರಕ್ಕೆ ಕೈಹಾಕದೆ ನಿಮ್ಮದೇ ಅಡ್ಡರಸ್ತೆಯ ಒಂದು ಸೈಟಿನಿಂದ ಶುರುಮಾಡಿ; ಮೊದಲು ಟೇಪು ಹಿಡಿದು ಆ ಸಜ್ಜಾವನ್ನು ಅಳೆದು ಬನ್ನಿ.