ದುಡ್ಡಿನ ದಾರಿ ಯಾರ ಕೈಲಿ?

ಆದವಾನಿಯ ಹತ್ತಿ ಮಾರ್ಕೆಟ್ ಹತ್ತಿರದ ಚಹಾ ಅಂಗಡಿಯಲ್ಲೂ ಈಗ ಕ್ಯೂಆರ್ ಸ್ಕ್ಯಾನ್ ಮಾಡಿದರೆ ಸೌಂಡ್‌ಬಾಕ್ಸ್ 'ಹತ್ತು ರೂಪಾಯಿ ಬಂದಿದೆ' ಅನ್ನುತ್ತೆ. ಒಳ್ಳೇದೇ. ಆದರೆ ದುಡ್ಡಿನ ಈ ದಾರಿ ಮುಚ್ಚುವ ಅಧಿಕಾರ ಯಾರಿಗಿದೆ ಅಂತಲೂ ಯೋಚಿಸಬೇಕು.

2010ರ ಡಿಸೆಂಬರ್‌ನಲ್ಲಿ ವೀಸಾ, ಮಾಸ್ಟರ್‌ಕಾರ್ಡ್, ಪೇಪಾಲ್ ಸೇರಿ, ರಹಸ್ಯ ದಾಖಲೆಗಳನ್ನು ಪ್ರಕಟಿಸುವ ವಿಕಿಲೀಕ್ಸ್‌ಗೆ ದೇಣಿಗೆ ಹೋಗದಂತೆ ತಡೆದವು. ಯಾವ ಕೋರ್ಟೂ ಆದೇಶ ಕೊಟ್ಟಿರಲಿಲ್ಲ. ಮರುವರ್ಷ ವಿಕಿಲೀಕ್ಸ್ ಬಿಟ್‌ಕಾಯಿನ್ ಎಂಬ ಕ್ರಿಪ್ಟೋ ಹಣದಲ್ಲಿ ದೇಣಿಗೆ ಪಡೆಯತೊಡಗಿತು.

ಹಾಗಾದರೆ ಕ್ರಿಪ್ಟೋನೇ ಪರಿಹಾರವಾ? ಪೂರ್ತಿ ಅಲ್ಲ. ಅದು ರೂಪಾಯಿ ಆಗಬೇಕಾದರೆ ಮತ್ತೆ ಬ್ಯಾಂಕೇ ಬೇಕು. 2018ರ ಏಪ್ರಿಲ್‌ನಲ್ಲಿ ರಿಸರ್ವ್ ಬ್ಯಾಂಕ್ ಬ್ಯಾಂಕುಗಳಿಗೆ ಸುತ್ತೋಲೆ ಕಳಿಸಿ ಆ ದಾರಿಯನ್ನೇ ಮುಚ್ಚಿಸಿತು. ಬೆಂಗಳೂರಿನ ಕ್ರಿಪ್ಟೋ ವಿನಿಮಯ ಕಂಪನಿ ಯೂನೋಕಾಯಿನ್ ಅದೇ ಅಕ್ಟೋಬರ್‌ನಲ್ಲಿ ಮಾಲ್ ಒಂದರಲ್ಲಿ ಬ್ಯಾಂಕಿಲ್ಲದೆ ವ್ಯವಹರಿಸಲು ನಗದು ಯಂತ್ರ ಇಟ್ಟಿತು. ಕೆಲವೇ ದಿನಗಳಲ್ಲಿ ಪೊಲೀಸರು ಅದನ್ನು ವಶಪಡಿಸಿಕೊಂಡರು.

ಕೊನೆಗೆ ಎರಡೂ ಕಡೆ ನ್ಯಾಯ ಸಿಕ್ಕಿದ್ದು ಕೋರ್ಟಿನಲ್ಲಿ. 2013ರಲ್ಲಿ ಐಸ್‌ಲ್ಯಾಂಡ್ ಸುಪ್ರೀಂ ಕೋರ್ಟ್ ವೀಸಾದ ಅಲ್ಲಿನ ಪಾಲುದಾರ ಕಂಪನಿ ವಿರುದ್ಧ ತೀರ್ಪು ಕೊಟ್ಟಿತು. 2020ರ ಮಾರ್ಚ್ 4ರಂದು ನಮ್ಮ ಸುಪ್ರೀಂ ಕೋರ್ಟ್ ರಿಸರ್ವ್ ಬ್ಯಾಂಕಿನ ಸುತ್ತೋಲೆ ರದ್ದು ಮಾಡಿತು.

ಅದಕ್ಕೇ ಹೇಳೋದು: ಪಾವತಿ ನಿಲ್ಲಿಸುವವರು ಕಾರಣ ಬರೆದುಕೊಡಲಿ, ಮೇಲ್ಮನವಿಗೆ ಅವಕಾಶ ಇರಲಿ. ಕಾನೂನು ತಡೆಯದ ಬರಹವನ್ನು ಕಾರ್ಡ್ ಕಂಪನಿ ತಡೆಯಬಾರದು.