ಸಾಬಕ್ಕಿ ಗಾತ್ರದ ಗುಳ್ಳೆ

ಮಳೆಗಾಲ ಮುಗಿಯುತ್ತಾ ಬಂದಿದ್ದ ಸೆಪ್ಟೆಂಬರಿನ ಒಂದು ಭಾನುವಾರ. ಐರೋಳಿಯ ತಮ್ಮ ಕಟ್ಟಡದ ಪಾರ್ಕಿಂಗಿನಲ್ಲಿ ಅವನು ಗಾಡಿಯ ಕವರ್ ತೆಗೆದು ಒರೆಸುತ್ತಿದ್ದ. ಟ್ಯಾಂಕಿನ ಎಡಮಗ್ಗುಲಲ್ಲಿ ಬಟ್ಟೆ ಏನಕ್ಕೋ ತಡೆದಂತಾಯಿತು. ಬಗ್ಗಿ ನೋಡಿದರೆ ಸಾಬಕ್ಕಿ ಕಾಳಿನಷ್ಟು ಒಂದು ಗುಳ್ಳೆ. ಬಣ್ಣ ಎಲ್ಲೂ ಒಡೆದಿರಲಿಲ್ಲ, ಹೊಳಪೂ ಮಾಸಿರಲಿಲ್ಲ. ಉಗುರಿನಿಂದ ಒತ್ತಿದಾಗ ಮೆತ್ತಗೆ ಒಳಹೋಗಿ ಮತ್ತೆ ಮೇಲೆದ್ದಿತು. ಅದು 22,000 ರೂಪಾಯಿ ಕೊಟ್ಟು ಮಾರ್ಚಿನಲ್ಲಷ್ಟೇ ಹೊಡೆಸಿದ ಬಣ್ಣ.

ಗಾಡಿ 1984ರ ಯೆಜ್ಡಿ, ಅಪ್ಪನದು. ಮೈಸೂರಿನ ಯಾದವಗಿರಿಯಲ್ಲಿದ್ದ ಐಡಿಯಲ್ ಜಾವಾ ಕಾರ್ಖಾನೆ 1961ರಿಂದ ಮೊದಲು ಜಾವಾ, ಆಮೇಲೆ ಯೆಜ್ಡಿ ಅನ್ನುವ ಹೆಸರಿನಲ್ಲಿ ಬೈಕುಗಳನ್ನು ತಯಾರಿಸಿ 1996ರಲ್ಲಿ ಬಾಗಿಲು ಹಾಕಿತು. ಕಿಕ್ಕೂ ಗೇರೂ ಒಂದೇ ಲಿವರಿನಲ್ಲಿ, ಎರಡು ಸೈಲೆನ್ಸರು, ಪೆಟ್ರೋಲಿಗೆ ಆಯಿಲ್ ಬೆರೆಸಿ ಹಾಕಬೇಕು. ಮೈಸೂರಿನವರು ಅದನ್ನು ಮೈಸೂರು ಪಾಕಿನ ಸಾಲಿಗೇ ಸೇರಿಸಿ ಮಾತಾಡುತ್ತಾರೆ. ಅಪ್ಪನಿಗೆ ಮಂಡಿನೋವು ಶುರುವಾದ ಮೇಲೆ ಗಾಡಿ ಹತ್ತು ವರ್ಷ ಹಿತ್ತಲಿನ ಶೀಟಿನ ಕೆಳಗೆ ನಿಂತೇ ಇತ್ತು. ಅಪ್ಪ ಹೋದ ಮೇಲೆ ಅವನು ಅದನ್ನು ಮುಂಬೈಗೆ ತರಿಸಿಕೊಂಡ. ಎನ್‌ಒಸಿ, ಮರು ನೋಂದಣಿ ಎಂದು ಆರ್‌ಟಿಒಗೆ ಅಲೆದದ್ದು ಬೇರೆಯದೇ ಕಥೆ, ಇಲ್ಲಿ ಬೇಡ.

ಆ ಟ್ಯಾಂಕಿನ ಬಗ್ಗೆ ಅವನಿಗಿದ್ದದ್ದು ಒಂದೇ ಒಂದು ಹಳೆಯ ನೆನಪು, ಅದೂ ಸಿಟ್ಟಿನದು. ಚಿಕ್ಕವನಿದ್ದಾಗ ಅವನ ಜಾಗ ಟ್ಯಾಂಕಿನ ಮೇಲೆ, ಅಪ್ಪನ ಎರಡು ಕೈಗಳ ನಡುವೆ. ಒಂದು ದಿನ ಇದ್ದಕ್ಕಿದ್ದಂತೆ ಅಪ್ಪ, 'ಇನ್ಮೇಲೆ ಹಿಂದೆ ಕೂತ್ಕೋ' ಅಂದುಬಿಟ್ಟರು. ಅತ್ತರೂ ಕೇಳಲಿಲ್ಲ. ಆ ಹೊತ್ತಿಗೆ ತಂಗಿ ಹುಟ್ಟಿದ್ದಳು, ಅದಕ್ಕೇ ತನ್ನನ್ನು ಹಿಂದಕ್ಕೆ ತಳ್ಳಿದರು ಎಂದು ಅವನು ಬಹಳ ವರ್ಷ ಅಂದುಕೊಂಡಿದ್ದ.

ಕುರ್ಲಾದ ಗಲ್ಲಿಯೊಂದರಲ್ಲಿ ಬೈಕುಗಳಿಗೆ ಕಸ್ಟಮ್ ಬಣ್ಣ ಹೊಡೆಯುವ ಪೇಂಟರ್ ಇಂಡಿ ಕಡೆಯವರು. ಮೊದಲ ಸಲ ಹೋದಾಗ ಇಬ್ಬರೂ ಅರ್ಧ ಗಂಟೆ ಹಿಂದಿಯಲ್ಲಿ ಮಾತಾಡಿದ ಮೇಲೆ, ಅಮ್ಮನ ಫೋನ್ ಬಂದು, ಒಬ್ಬರಿಗೊಬ್ಬರು ಕನ್ನಡದವರೆಂದು ಗೊತ್ತಾಯಿತು. ಮುಂಬೈಯಲ್ಲಿ ಇದು ದಿನಾ ನಡೆಯುವುದೇ. ಪೇಂಟರ್ ಟ್ಯಾಂಕನ್ನು ಬೆರಳ ಗೆಣ್ಣಿನಿಂದ ತಟ್ಟುತ್ತಾ ಬಂದರು. ಬಲಕ್ಕೆ ತಗಡಿನ ಸದ್ದು, ಎಡಕ್ಕೆ ಮಣ್ಣಿನ ಗೋಡೆ ತಟ್ಟಿದ ಸದ್ದು.

'ಸರ, ಇಲ್ಲಿ ಪುಟ್ಟಿ ಭಾಳ ಐತ್ರಿ. ಬುಡದಾಗ ಏನೈತಿ ಕಾಣವಲ್ದು. ಕೆಮಿಕಲ್ ಹಚ್ಚಿ, ತಗಡು ಕಾಣೂಮಟ ಎಲ್ಲಾ ತಗದ್ರ ಛಲೋ. ಮ್ಯಾಲಿಂದ ಮ್ಯಾಲ ಹೊಡೀಂದ್ರ ಹೊಡಿತೀನಿ, ಆದ್ರ ನಂದು ಗ್ಯಾರಂಟಿ ಇಲ್ರಿ.'

ಪೂರ್ತಿ ತೆಗೆದು ಮಾಡುವುದಕ್ಕೆ ಇನ್ನೂ ಒಂಬತ್ತು ಸಾವಿರ, ಇನ್ನೂ ಮೂರು ವಾರ. ಯುಗಾದಿಗೆ ಅಮ್ಮ ಮುಂಬೈಗೆ ಬರುವವರಿದ್ದರು. ಅವನು 'ಮೇಲಿಂದಾನೇ ಹೊಡೀರಿ' ಅಂದ.

ಕ್ಯಾಂಡಿ ಬಣ್ಣದ ಮೋಹ ಅಂಥದ್ದು. ಮೊದಲು ಬೆಳ್ಳಿಯಂಥ ಮೆಟಾಲಿಕ್ ಬೇಸ್. ಅದರ ಮೇಲೆ ಬಣ್ಣದ ಗಾಜಿನಂತೆ ಪಾರದರ್ಶಕವಾದ ಕೆಂಪು, ತೆಳ್ಳಗೆ ಐದಾರು ಸಲ. ಪ್ರತಿ ಸಲಕ್ಕೂ ಕೆಂಪು ಒಂದಿಷ್ಟು ಆಳಕ್ಕಿಳಿಯುತ್ತದೆ. ಆಮೇಲೆ ಬ್ರಷ್ಷಿನಿಂದ ಎಳೆದ ಚಿನ್ನದ ಬಣ್ಣದ ಗೆರೆ, ಕಡೆಗೆ ಕ್ಲಿಯರ್ ಕೋಟ್. ಬಿಸಿಲಿಗೆ ನಿಲ್ಲಿಸಿದರೆ ಬೆಳಕು ಕೆಂಪನ್ನು ಹಾದು ಬೆಳ್ಳಿಗೆ ತಾಗಿ ಹಿಂದಿರುಗಿ ಬರುವುದು ಕಾಣುತ್ತದೆ, ದಾಳಿಂಬೆ ಕಾಳಿನ ಹಾಗೆ. ಅಮ್ಮ ಬಂದು ನೋಡಿ 'ಚೆನ್ನಾಗಿದೆ' ಅಂದರು. ಸ್ವಲ್ಪ ಹೊತ್ತು ಬಿಟ್ಟು, 'ನಿಮ್ಮಪ್ಪಂದು ಕಪ್ಪಿತ್ತು' ಅಂದರು.

ಈ ಬಣ್ಣದ ತೊಂದರೆಯೂ ಅದರ ಚೆಲುವಿನಲ್ಲೇ ಇದೆ. ಸಾದಾ ಕಪ್ಪು ಎನಾಮಲ್ ಎಲ್ಲಿ ಎದ್ದರೂ ಅಲ್ಲಿಗಷ್ಟೇ ಉಜ್ಜಿ, ಹಚ್ಚಿ, ಪಾಲಿಶ್ ಮಾಡಬಹುದು. ಕ್ಯಾಂಡಿಯಲ್ಲಿ ಒಂದೇ ಜಾಗಕ್ಕೆ ಹಚ್ಚಿದರೆ ಹೊಸ ಪದರ ಹಳೆಯದರ ಮೇಲೆ ಕೂತು, ಅಂಚಿನ ಸುತ್ತ ಕಪ್ಪಗೆ ಉಂಗುರ ಬೀಳುತ್ತದೆ. ಅಕ್ಕಿಕಾಳಿನಷ್ಟು ಕೆಟ್ಟರೂ ಇಡೀ ಟ್ಯಾಂಕೇ ಮತ್ತೆ ಆಗಬೇಕು. ಪದರಗಳು ದಪ್ಪವಾದಷ್ಟೂ ಒಳಗಿನದು ಹೊರಗೆ ಕಾಣಲು ತಡವಾಗುತ್ತದೆ. ಕಂಡಾಗ ಅದು ಶುರುವಾಗಿ ಬಹಳ ದಿನವಾಗಿರುತ್ತದೆ.

ತುಕ್ಕಿಗೆ ಬೇಕಾದದ್ದು ಕಬ್ಬಿಣ, ನೀರು, ಗಾಳಿ. ಜೊತೆಗೆ ಒಂದಿಷ್ಟು ಉಪ್ಪು ಸಿಕ್ಕರೆ ಅದರ ಕೆಲಸ ಇನ್ನೂ ಬಿರುಸು. ಐರೋಳಿಯಲ್ಲಿ ಖಾಡಿಯ ಉಪ್ಪುಗಾಳಿ ಬಾಲ್ಕನಿಯ ಸರಳುಗಳನ್ನೇ ಬಿಡುವುದಿಲ್ಲ. ಬಣ್ಣವೆಂದರೆ ಪ್ಲಾಸ್ಟಿಕ್ ಹಾಳೆಯಂತೆ ಎಲ್ಲವನ್ನೂ ಮುಚ್ಚಿಬಿಡುತ್ತದೆ ಎಂದು ನಾವೆಲ್ಲ ನಂಬುತ್ತೇವೆ. ಮಾಮೂಲಿ ಪ್ರೈಮರ್ ತೇವವನ್ನು ಒಳಬಿಡುತ್ತದೆ, ಪುಟ್ಟಿಯಂತೂ ಹೀರುತ್ತದೆ. ವಾಟರ್ ಪೇಪರಿನಲ್ಲಿ ಉಜ್ಜಿದ ಬರಿ ತಗಡು ಮುಂಬೈಯ ಸೆಖೆಯಲ್ಲಿ ಒಂದೆರಡು ಗಂಟೆಯಲ್ಲೇ ತೆಳ್ಳಗೆ ಕಂದುಬಣ್ಣಕ್ಕೆ ತಿರುಗುತ್ತದೆ. ಒರೆಸದೆ ಅದರ ಮೇಲೇ ಪ್ರೈಮರ್ ಹೊಡೆದರೆ ಬೀಜ ಬಿತ್ತಿ ಮಣ್ಣು ಮುಚ್ಚಿದಂತೆ. ಬರಿಗೈಯಲ್ಲಿ ಮುಟ್ಟಿದ ಜಾಗದ ಬೆವರೂ ಸಾಕು. ತುಕ್ಕಾದ ಕಬ್ಬಿಣ ತನ್ನ ಮೊದಲಿನ ಗಾತ್ರದ ಹಲವು ಪಟ್ಟು ಜಾಗ ಕೇಳುತ್ತದೆ, ಆ ಜಾಗಕ್ಕಾಗಿ ಮೇಲಿನದನ್ನೆಲ್ಲ ಎತ್ತುತ್ತದೆ. ಇನ್ನೊಂದು ಬಗೆಯದು ಗೆದ್ದಲಿನ ಹಾದಿಯಂತೆ ಬಣ್ಣದಡಿಯಲ್ಲಿ ಎಳೆ ಎಳೆಯಾಗಿ ಹರಿಯುತ್ತದೆ. ಎಳೆಯ ತುದಿಯಲ್ಲಷ್ಟೇ ಅದು ಜೀವಂತ, ಹಿಂದಿನದೆಲ್ಲ ಒಣಗಿದ ಬಾಲ.

ಅಕ್ಟೋಬರಿನ ಹೊತ್ತಿಗೆ ಸಾಬಕ್ಕಿ ಕಡಲೆಕಾಳಾಯಿತು, ಪಕ್ಕದಲ್ಲಿ ಇನ್ನೆರಡು ಎದ್ದವು. ಅವನು ಕುರ್ಲಾಕ್ಕೆ ಹೋಗಿ ಜಗಳವಾಡಿದ. ಎಚ್ಚರಿಸಿದ್ದು ನೆನಪಿದ್ದೂ ಆಡಿದ. ಕೆಲಸದ ಹುಡುಗರ ಮುಂದೆಯೇ, 'ಆರು ತಿಂಗಳಿಗೇ ಹೀಗಾಯ್ತಲ್ಲ, ಇದೇನಾ ನಿಮ್ಮ ಕೆಲಸ' ಅಂದ. ಪೇಂಟರ್ ದನಿ ಏರಿಸಲಿಲ್ಲ. ಗೂಡಿನಿಂದ ಹೊಲಿಗೆ ಸೂಜಿ ತಂದು ದೊಡ್ಡ ಗುಳ್ಳೆಯನ್ನು ಚುಚ್ಚಿದರು. ಕಂದು ನೀರು ಒಸರಿತು. ಬೆರಳಲ್ಲಿ ಒರೆಸಿ ಅವನ ಮೂಗಿನ ಹತ್ತಿರ ಹಿಡಿದರು.

'ವಾಸನಿ ನೋಡ್ರಿ. ಪೆಟ್ರೋಲ್. ಇದು ಹೊರಗಿಂದಲ್ರಿ, ಒಳಗಿಂದ ಬರಾಕತ್ತೈತಿ.'

ಆ ಟ್ಯಾಂಕಿನ ಆಕಾರವೇ ಕುದುರೆಯ ಬೆನ್ನಿಗೆ ಹಾಕಿದ ಎರಡು ಚೀಲದಂತೆ. ಫ್ರೇಮಿನ ಕೊಳವೆಯ ಆಚೆ ಈಚೆ ಇಳಿಬಿದ್ದ ಎರಡು ತಗ್ಗು. ನೀರು ಪೆಟ್ರೋಲಿಗಿಂತ ಭಾರ, ಸೇರಿದರೆ ಅಲ್ಲೇ ಹೋಗಿ ಕೂರುತ್ತದೆ. ಹತ್ತು ವರ್ಷ ಹಿತ್ತಲಲ್ಲಿ ಖಾಲಿ ನಿಂತ ಟ್ಯಾಂಕು ರಾತ್ರಿಯ ತಂಪಿಗೆ ಒಳಗೇ ಬೆವರಿದೆ. ಓಡುತ್ತಿದ್ದ ಕಾಲದಲ್ಲಿ ಬೆರೆಸಿದ ಆಯಿಲ್ ಒಳಗೋಡೆಗೆ ಜಿಡ್ಡಿನ ಪೊರೆ ಕೊಟ್ಟಿತ್ತು, ನಿಂತ ಮೇಲೆ ಅದೂ ಒಣಗಿತು. ಈಗಿನ ಪೆಟ್ರೋಲಿನಲ್ಲಿ ಎಥನಾಲ್ ಬೇರೆ, ಅದು ಗಾಳಿಯ ತೇವವನ್ನು ತನ್ನೊಳಕ್ಕೆ ಎಳೆದುಕೊಳ್ಳುವಂಥದ್ದು. ಕಾರಣಗಳಿಗೆ ಬರವಿರಲಿಲ್ಲ.

ಈ ಸಲ ಕೆಮಿಕಲ್ ಹಚ್ಚಿದರು. ದಾಳಿಂಬೆಯ ಕೆಂಪು ಸುಕ್ಕುಗಟ್ಟಿ ಚರ್ಮದಂತೆ ಎದ್ದಿತು. ಅದರಡಿ ಅಪ್ಪನ ಕಪ್ಪು, ಅದರಲ್ಲೂ ಬ್ರಷ್ಷಿನ ಗುರುತು ಕಾಣುವ ತೇಪೆಗಳು. ಅದರಡಿ ಬೆರಳ ದಪ್ಪದ ಹಳದಿ ಪುಟ್ಟಿ. ಅದನ್ನು ಉಳಿಯಿಂದ ಎಬ್ಬಿಸಿದಾಗ ಸಿಕ್ಕಿದ್ದು ಅಂಗೈ ಅಗಲದ ತಗ್ಗು, ತಗ್ಗಿನ ನಡುವೆ ಹರಿದ ತಗಡು, ಹರಿದದ್ದನ್ನು ಹಿತ್ತಾಳೆ ಬೆಸುಗೆಯಿಂದ ಕೂಡಿಸಿದ ಉದ್ದನೆಯ ಗೀಟು. ಆ ಗೀಟಿನ ಒಂದು ತುದಿಯಲ್ಲಿ ಸೂಜಿಮೊನೆಯಷ್ಟು ತೂತು.

ಪೇಂಟರ್ ತುಸು ಹೊತ್ತು ನೋಡಿ, 'ಜೋರಾಗಿ ಬಿದ್ದದ್ರಿ ಗಾಡಿ' ಅಂದರು.

ಅವನಿಗೆ ತಿಳಿದಂತೆ ಆ ಗಾಡಿ ಎಂದೂ ಬಿದ್ದಿರಲಿಲ್ಲ. ಅಲ್ಲಿಂದಲೇ ಫೋಟೋ ತೆಗೆದು ಅಮ್ಮನಿಗೆ ಕಳಿಸಿ, ಫೋನ್ ಮಾಡಿದ.

'ಅಯ್ಯೋ, ಅದಾ' ಅಂದರು ಅಮ್ಮ. 'ನೀನು ನಾಲ್ಕು ವರ್ಷದೋನು ಕಣೋ. ಶ್ರೀರಂಗಪಟ್ಟಣದಿಂದ ಬರ್ತಾ ರಸ್ತೆ ಮೇಲೆ ಕಬ್ಬಿನ ಸೋಗೆ ಬಿದ್ದಿತ್ತು, ಮಳೆ ಬೇರೆ. ಜಾರಿಬಿಡ್ತು. ನಿಮ್ಮಪ್ಪ ಹ್ಯಾಂಡಲ್ ಬಿಟ್ಟು ನಿನ್ನ ತಬ್ಕೊಂಡ್ರು. ಗಾಡಿ ಹೋಗಿ ಮೋರಿ ಕಲ್ಲಿಗೆ ಹೊಡೀತು. ನೀನು ಕೂತಿದ್ದ ಜಾಗಾನೇ ಅದು. ನಿಂಗೆ ಒಂದು ಗೀರೂ ಆಗ್ಲಿಲ್ಲ, ಅವರ ಮಣಿಕಟ್ಟು ಮುರೀತು.'

'ನಂಗೆ ಯಾಕೆ ಹೇಳಲೇ ಇಲ್ಲ?'

'ಯಾರಿಗೂ ಹೇಳ್ಬೇಡ ಅಂದಿದ್ರು. ತಾತಂಗೆ ಗೊತ್ತಾದ್ರೆ ಗಾಡೀನೇ ಮಾರಿಸಿಬಿಡ್ತಿದ್ರು. ಮಂಡಿ ಮೊಹಲ್ಲಾದಲ್ಲಿ ಬೆಸುಗೆ ಹಾಕಿಸಿ, ರಾತ್ರೋರಾತ್ರಿ ಪುಟ್ಟಿ ಮೆತ್ತಿ, ಬಣ್ಣ ಅವರೇ ಹೊಡೆದ್ರು. ಕೈ ಮುರಿದದ್ದಕ್ಕೆ ಬಚ್ಚಲಲ್ಲಿ ಜಾರಿದೆ ಅಂತ ಹೇಳಿದ್ರು. ಅವತ್ತಿಂದ ನಿನ್ನ ಮುಂದೆ ಕೂರಿಸ್ಕೊಳ್ಳಲಿಲ್ಲ ನೋಡು, ನೀನು ಎಷ್ಟು ಅತ್ತೆ.'

ಅವನು ಫೋನ್ ಇಟ್ಟ ಮೇಲೆ ಪೇಂಟರ್ ಚಹಾ ತರಿಸಿದರು. ಮಾತಾಡಿದ್ದೆಲ್ಲ ಅವರಿಗೂ ಕೇಳಿಸಿತ್ತು, ಅರ್ಥವೂ ಆಗಿತ್ತು. ಕನ್ನಡ ಬರುವ ಪೇಂಟರ್ ಸಿಕ್ಕರೆ ಹೀಗೂ ಆಗುತ್ತದೆ. ಅವನು ಜಗಳಕ್ಕೆ ಕ್ಷಮೆ ಕೇಳಿದ. 'ಇರ್ಲಿ ಬಿಡ್ರಿ' ಅಂದರು ಅವರು.

ಹಳೆಯ ತೇಪೆಯನ್ನು ಕತ್ತರಿಸಿ ಹೊಸ ತಗಡು ಕೂಡಿಸುವುದೋ, ಇದ್ದದ್ದನ್ನೇ ಉಳಿಸುವುದೋ ಎಂಬ ಪ್ರಶ್ನೆ ಬಂತು. ಪಕ್ಕದ ಗಲ್ಲಿಯ ಬೆಸುಗೆಯವರು ನೋಡಿ, ಮಂಡಿ ಮೊಹಲ್ಲಾದವರ ಕೆಲಸ ಗಟ್ಟಿಯಾಗೇ ಇದೆ, ತುದಿಯ ತೂತು ಮುಚ್ಚಿದರೆ ಸಾಕು ಅಂದರು. ಪೆಟ್ರೋಲ್ ಟ್ಯಾಂಕಿಗೆ ಬೆಂಕಿ ತಾಗಿಸುವುದು ಹುಡುಗಾಟವಲ್ಲ, ಖಾಲಿ ಕಂಡರೂ ಒಳಗಿನ ಆವಿ ಸಿಡಿಯುತ್ತದೆ. ಹಲವು ಸಲ ಸೋಪುನೀರಲ್ಲಿ ತೊಳೆದು, ತೂತಿನ ಸ್ವಲ್ಪ ಕೆಳಗಿನವರೆಗೂ ನೀರು ತುಂಬಿಸಿಟ್ಟು ಬೆಸುಗೆ ಹಾಕಿದರು.

ಒಳಗಿನ ತುಕ್ಕನ್ನು ಅವನೇ ತೆಗೆದ, ಬಾಲ್ಕನಿಯಲ್ಲಿ, ಎರಡು ದಿನ. ಟ್ಯಾಂಕಿನ ತುಂಬ ವಾಷಿಂಗ್ ಸೋಡಾ ಬೆರೆಸಿದ ನೀರು. ಬಾಯಿಯಿಂದ ಇಳಿಬಿಟ್ಟ, ಟ್ಯಾಂಕಿಗೆ ಎಲ್ಲೂ ತಾಗದ ಒಂದು ಮಾಮೂಲಿ ಕಬ್ಬಿಣದ ಸರಳು. 12 ವೋಲ್ಟಿನ ಬ್ಯಾಟರಿ ಚಾರ್ಜರಿನ ಋಣ ತಂತಿ ಟ್ಯಾಂಕಿಗೆ, ಧನ ತಂತಿ ಸರಳಿಗೆ. ಗುಳುಗುಳು ನೊರೆ ಏಳುತ್ತದೆ. ಅದರಲ್ಲಿ ಜಲಜನಕ ಇರುವುದರಿಂದ ಬೆಂಕಿ, ಸಿಗರೇಟು ಹತ್ತಿರ ಸುಳಿಯಬಾರದು. ಸ್ಟೇನ್‌ಲೆಸ್ ಸರಳನ್ನಂತೂ ಬಳಸಲೇಬಾರದು, ನೀರಿಗೆ ವಿಷಕಾರಿ ಕ್ರೋಮಿಯಂ ಬಿಡುತ್ತದೆ. ಹೆಂಡತಿ ಬಟ್ಟೆ ಒಣಗಿಸುವ ಜಾಗವೆಲ್ಲ ಕಂದು ನೊರೆಯಾಯಿತು. ಆ ವಾರದ ಮಾತುಗಳನ್ನೂ ಇಲ್ಲಿ ಬರೆಯುವುದು ಬೇಡ.

ಹೊರಗೆ ಸಣ್ಣ ಗುಂಡಿಗಳಲ್ಲಿ ಉಳಿದ ತುಕ್ಕಿಗೆ ಪೇಂಟರ್ ಟ್ಯಾನಿನ್ ಇರುವ ದ್ರಾವಣ ಹಚ್ಚಿದರು. ಕಂದು ಕಣ್ಣೆದುರೇ ಕಪ್ಪಾಯಿತು. ಅಳಲೆಕಾಯಿ ಕಷಾಯ ಕಬ್ಬಿಣದ ಬಾಣಲೆಯಲ್ಲಿ ಕಪ್ಪಾಗುವುದೂ ಇದೇ ಕಾರಣಕ್ಕೆ. ಆಮೇಲೆ ಕೈಗವಸು ಹಾಕಿಕೊಂಡೇ ಒರೆಸಿ, ತಡಮಾಡದೆ ಅದೇ ದಿನ ಎರಡು ಡಬ್ಬಿ ಬೆರೆಸಿ ಹೊಡೆಯುವ ಇಪಾಕ್ಸಿ ಪ್ರೈಮರ್.

ಪುಟ್ಟಿಯ ಬಗ್ಗೆ ಕೇಳಿದಾಗ ಅವನು ತೆಳ್ಳಗೆ ಸಾಕು ಅಂದ. ಹಾಗೆ ಮಾಡಿದರೆ ತಗ್ಗು ಪೂರ್ತಿ ಮುಚ್ಚುವುದಿಲ್ಲ ಎಂದು ಪೇಂಟರ್ ಎಚ್ಚರಿಸಿದರು. ಮುಚ್ಚದಿದ್ದರೆ ಇರಲಿ. ಕ್ಯಾಂಡಿಯೂ ಬೇಡ, ಕಪ್ಪು ಹೊಡೆಯಿರಿ, ಮಿಕ್ಕ ಬಣ್ಣವನ್ನು ಸಣ್ಣ ಡಬ್ಬಿಗೆ ಹಾಕಿ ಕೊಡಿ ಅಂದ.

ಮುಂದಿನ ಯುಗಾದಿಗೆ ಅಮ್ಮ ಮತ್ತೆ ಬಂದರು. ಸಂಜೆ ಕೆಳಗಿಳಿದು ಬಂದು, ಓರೆ ಬಿಸಿಲಿನಲ್ಲಿ ನಿಂತ ಗಾಡಿಯ ಎಡಮಗ್ಗುಲಿಗೆ ಹೋದರು. ಅಂಗೈಯನ್ನು ಟ್ಯಾಂಕಿನ ಮೇಲೆ ನಿಧಾನವಾಗಿ ಸರಿಸುತ್ತಾ ಒಂದು ಕಡೆ ನಿಲ್ಲಿಸಿದರು.

'ಇಲ್ಲೇ' ಅಂದರು. ಆಮೇಲೆ ಕೇಳಿದರು, 'ಪೆಟ್ರೋಲ್ ತುಂಬಿಸಿದ್ದೀಯಾ? ಖಾಲಿ ನಿಲ್ಲಿಸ್ಬೇಡ.'

ಅರ್ಧ ಇತ್ತು. ಅವನು ಬೀಗದಕೈ ತರಲು ಮೇಲೆ ಹೋದ.