ಸಣ್ಣಕ್ಷರದ ಸಾಲು

ನಾನು ತಾಲ್ಲೂಕು ಊರಿನ ಸರ್ಜನ್. ಆ ಶನಿವಾರ ಸಂಜೆ ಒಬ್ಬಾಕೆಯ ಸ್ತನದಿಂದ ತೆಗೆದ ದೊಡ್ಡ ಗಡ್ಡೆಯನ್ನು ಸೀಳದೆ, ಕಿರುಬಾಯಿಯ ಬಾಟಲಿಗೆ ಇಡಿಯಾಗಿ ತುರುಕಿ, ಮುಳುಗುವಷ್ಟು ಫಾರ್ಮಲಿನ್ ಸುರಿದೆ. ಸೋಮವಾರದ ಬಸ್ಸಿನಲ್ಲಿ ಲ್ಯಾಬಿಗೆ ಹೋಯಿತು.

ಫಾರ್ಮಲಿನ್ ಮಾಂಸದೊಳಗೆ ಇಳಿಯುವುದು ತಾಸಿಗೆ ಹೆಚ್ಚುಕಡಿಮೆ ಒಂದು ಮಿಲಿಮೀಟರ್. ಹೊರಗಿನ ಪದರ ಗಟ್ಟಿಯಾಗುವಷ್ಟರಲ್ಲಿ ನಡುಭಾಗ ಕೊಳೆಯತೊಡಗುತ್ತದೆ. ಈಸ್ಟ್ರೋಜನ್ ರಿಸೆಪ್ಟರ್, ಅಂದರೆ ನಾವು ಇಆರ್ ಎನ್ನುವ ಬಯೋಮಾರ್ಕರ್, ಒಂದು ಪ್ರೋಟೀನು. ಕೆಟ್ಟ ಮಾಂಸದಲ್ಲಿ ಅದು ಪರೀಕ್ಷೆಯ ಬಣ್ಣ ಹಿಡಿಯುವುದಿಲ್ಲ. ಇಆರ್ ನೆಗೆಟಿವ್ ಎಂದು ವರದಿ ಬಂತು. ಆಕೆಗೆ ಕಿಮೋ ಆಯಿತು, ಇಆರ್ ಪಾಸಿಟಿವ್ ಇದ್ದವರಿಗೆ ಕೊಡುವ ಟೆಮಾಕ್ಸಿಫೆನ್ ಮಾತ್ರೆ ಕೊಡಲಿಲ್ಲ.

ಅದೇ ವರದಿಯ ಕೆಳಗೆ ಸಣ್ಣಕ್ಷರದಲ್ಲಿ ಇನ್ನೊಂದು ಸಾಲಿತ್ತು: ಗಡ್ಡೆಯ ಪಕ್ಕದ ಸಹಜ ನಾಳಗಳೂ ಬಣ್ಣ ಹಿಡಿದಿಲ್ಲ. ಅವು ಹಿಡಿಯಬೇಕು. ಹಿಡಿಯದಿದ್ದರೆ ಆ ನೆಗೆಟಿವನ್ನು ನಂಬುವಂತಿಲ್ಲ. ಪೆಥಾಲಜಿಸ್ಟ್ ಹೇಳಬೇಕಾದ್ದನ್ನು ಹೇಳಿದ್ದರು. ನಾನು ದಪ್ಪಕ್ಷರದ್ದಷ್ಟೇ ಓದಿ ಫೈಲ್ ಮುಚ್ಚಿದ್ದೆ.

ಕೆಲವು ವರ್ಷಗಳ ಮೇಲೆ ಆಕೆಯ ಕುತ್ತಿಗೆಯಲ್ಲಿ ಗಂಟು ಕಾಣಿಸಿತು. ಸೂಜಿಯಿಂದ ತೆಗೆದ ಚೂರು ಕೂಡಲೇ ಫಾರ್ಮಲಿನ್‌ಗೆ ಬಿತ್ತು. ಇಆರ್ ಪಾಸಿಟಿವ್, ಅದೂ ದಟ್ಟವಾಗಿ. ಕ್ಯಾನ್ಸರ್ ನಡುವೆ ಗುಣ ಬದಲಿಸುವುದುಂಟು ಎಂದು ಗೆಳೆಯನೊಬ್ಬ ಸಮಾಧಾನ ಹೇಳಿದ. ಉಂಟು, ನಿಜ. ಹಳೆಯ ವರದಿಯ ಆ ಸಾಲು ಓದಿದ ಮೇಲೆ ಆ ಸಮಾಧಾನ ನನಗೆ ದಕ್ಕಲಿಲ್ಲ. ಇಆರ್ ಪಾಸಿಟಿವ್ ಇದ್ದವರು 5 ವರ್ಷ ಟೆಮಾಕ್ಸಿಫೆನ್ ನುಂಗಿದರೆ ಈ ರೋಗದಿಂದ ಸಾಯುವ ಸಂಭವ ಸುಮಾರು ಮೂರನೇ ಒಂದು ಪಾಲು ತಗ್ಗುತ್ತದೆ. ದುಬಾರಿ ಮಾತ್ರೆಯೂ ಅಲ್ಲ. ಎಲ್ಲವನ್ನೂ ಆಕೆಗೂ ಮನೆಯವರಿಗೂ ಹೇಳಿದೆ. ಮಗ ಕೇಳಿದ: “ವರದಿ ಪೂರ್ತಿ ಓದೋರು ಯಾರೂ ಇರ್ಲಿಲ್ವಾ ಡಾಕ್ಟ್ರೇ?”

ಕೆನಡಾದ ನ್ಯೂಫೌಂಡ್‌ಲ್ಯಾಂಡಿನಲ್ಲಿ 1997ರಿಂದ 2005ರವರೆಗೆ ನೂರಾರು ರೋಗಿಗಳ ಇದೇ ಪರೀಕ್ಷೆ ತಪ್ಪಾಗಿದ್ದು ಬಯಲಾಗಿ, ನ್ಯಾಯಮೂರ್ತಿ ಮಾರ್ಗರೆಟ್ ಕ್ಯಾಮರಾನ್ ಆಯೋಗ 2009ರಲ್ಲಿ ವರದಿ ಕೊಟ್ಟಿತ್ತು. ಮರುವರ್ಷ ಅಮೆರಿಕದ ತಜ್ಞರ ಸಂಘಗಳು ನಿಯಮ ಬರೆದವು: ತಾಸಿನೊಳಗೆ ಸೀಳಿ ಫಾರ್ಮಲಿನ್‌ಗೆ ಹಾಕಿ, 6ರಿಂದ 72 ತಾಸು ಅದರಲ್ಲಿರಲಿ. ಈಗಿನ ಜೀನ್ ಪರೀಕ್ಷೆಗಳೂ ಬಹುಪಾಲು ನಡೆಯುವುದು ಹೀಗೆ ಫಾರ್ಮಲಿನ್‌ನಲ್ಲಿಟ್ಟ ಗಡ್ಡೆಯಿಂದ ಮಾಡಿದ ಮೇಣದ ಬ್ಲಾಕಿನ ಮೇಲೇ. ಸಮ್ಮೇಳನಗಳಲ್ಲಿ ಪ್ರಿಸಿಷನ್ ಮೆಡಿಸಿನ್ ಸ್ಲೈಡು ತೋರಿಸುವವರು ಬಾಟಲಿಯ ಮಾತೆತ್ತಿದ್ದನ್ನು ನಾನಂತೂ ಕೇಳಿಲ್ಲ.

ನಮ್ಮ ಥಿಯೇಟರಿನಲ್ಲೀಗ ಅಗಲ ಬಾಯಿಯ ಡಬ್ಬಿ, ಗಡ್ಡೆಯ ಹತ್ತು ಪಟ್ಟು ಫಾರ್ಮಲಿನ್. ಅಂಚಿಗೆ ದಾರದ ಗುರುತು ಹಾಕಿಯೇ ಸೀಳುತ್ತೇನೆ. ಲೇಬಲ್ ಮೇಲೆ ಎರಡು ಸಮಯ: ಗಡ್ಡೆ ಹೊರಬಂದದ್ದು, ಡಬ್ಬಿಗೆ ಬಿದ್ದದ್ದು. ಎರಡೂ ಇಲ್ಲದಿದ್ದರೆ ನಮ್ಮ ಸಿಸ್ಟರ್ ಡಬ್ಬಿಯನ್ನು ಬಸ್ಸಿಗೆ ಕೊಡುವುದಿಲ್ಲ, ನಾನೇ ಹೇಳಿದರೂ.